ಗೃಹಿಣಿಯ ದುಡಿಮೆಯೂ ತೆರಿಗೆಯ ಲೆಕ್ಕವೂ

ಪತಿ ಪತ್ನಿಯರಿಬ್ಬರೂ ಬೇಕೆಂದರೆ ಒಂದೇ ಆದಾಯ ಕರದ ರಿಟರ್ನನ್ನು ಜಂಟಿಯಾಗಿ ಸಲ್ಲಿಸುವ ಅವಕಾಶವಿರಬೇಕೆಂಬ ಸಲಹೆಯೊಂದನ್ನು ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು 2025ರ ಆಯವ್ಯಯ ಪತ್ರಕ್ಕೆ ಮುಂಚಿತವಾಗಿ ಕೇಂದ್ರ ಸರಕಾರದ ಮುಂದಿಟ್ಟಿತು. ಆ ವರ್ಷದ ಆಯವ್ಯಯ ಪತ್ರದಲ್ಲಿ ಅದು ಅಂಗೀಕೃತವಾಗಲಿಲ್ಲ. ಆದರೆ ವಿಚಾರವು ಅಲ್ಲಿಗೆ ಮುಗಿದಿಲ್ಲ. ಸಂಸಾರವೆಂದರೆ ಒಂದು ಘಟಕ, ಒಲೆ ಒಂದೇ, ಖರ್ಚು ಒಂದೇ, ಹಾಗಿರುವಾಗ ಕರವೂ ಒಂದೇ ಆಗಬಾರದೇಕೆ ಎಂಬ ವಾದವು ಕೇಳುವುದಕ್ಕೆ ಬಹು ಹಿತವಾಗಿದೆ. ಪರಊರಿನಲ್ಲಿ ಬಾಡಿಗೆ ಮನೆಯ ಭಾರವನ್ನು ಹೊತ್ತು ಸಂಸಾರ ತೂಗಿಸುತ್ತಿರುವ ನಮ್ಮವರಲ್ಲಿ ಅನೇಕರು ಈ ಸಲಹೆಯನ್ನು ಮೆಚ್ಚಿದ್ದರೆ ಆಶ್ಚರ್ಯವೇನೂ ಇಲ್ಲ. ಆದರೆ ಸಂತೋಷಪಡುವುದಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಅವಶ್ಯವಾಗಿದೆ. ಈ ಸೌಲಭ್ಯದ ಬೆಲೆಯನ್ನು ತೆರುವವರು ಯಾರು?

ವಿವಾಹಿತ ಪುರುಷನು ದುಡಿಯಬೇಕೆ ಬೇಡವೆ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುವುದೇ ಇಲ್ಲ. ಸಂಬಳ ಹೆಚ್ಚಿರಲಿ ಕಡಿಮೆಯಿರಲಿ, ಕರ ಏರಲಿ ಇಳಿಯಲಿ, ಬೆಳಗಾದರೆ ಆತ ಕೆಲಸಕ್ಕೆ ಹೊರಡುತ್ತಾನೆ. ವಿವಾಹಿತ ಸ್ತ್ರೀಯ ಮಾತು ಹಾಗಲ್ಲ. ಅವಳ ಉದ್ಯೋಗವು ಪ್ರತಿಯೊಂದು ಮನೆಯಲ್ಲಿಯೂ ಚರ್ಚೆಗೆ ಒಳಗಾಗುತ್ತದೆ. ಮದುವೆಯಾದಾಗ ಒಮ್ಮೆ, ಮಗು ಹುಟ್ಟಿದಾಗ ಮತ್ತೊಮ್ಮೆ, ಅತ್ತೆಯವರು ಕಾಯಿಲೆ ಬಿದ್ದಾಗ ಮಗುದೊಮ್ಮೆ ಲೆಕ್ಕ ಹಾಕಲಾಗುತ್ತದೆ. “ಅವಳು ಹೋಗಿ ತರುವುದೆಷ್ಟು, ಹೋಗುವುದರಿಂದ ಖರ್ಚಾಗುವುದೆಷ್ಟು, ಕೈಯಲ್ಲಿ ಉಳಿಯುವುದೆಷ್ಟು?” ಎಂಬುದೇ ಆ ಲೆಕ್ಕ. ಸಂಬಳ ಮತ್ತು ತೆರಿಗೆಗಳು ಸ್ತ್ರೀಯ ದುಡಿಮೆಯ ಮೇಲೆ ಪರಿಣಾಮ ಮಾಡುವುದು ಈ ಅಡಿಗೆಮನೆಯ ಲೆಕ್ಕದ ಮೂಲಕವೇ.

ಹೋಟೆಲು ನಡೆಸಿದವರಿಗೆ ಈ ಲೆಕ್ಕದ ರೀತಿ ಹೊಸದಲ್ಲ. ರಾತ್ರಿ ಹತ್ತಕ್ಕೆ ಮುಚ್ಚುವ ಹೋಟೆಲನ್ನು ಹನ್ನೊಂದರ ತನಕ ತೆರೆದಿಡೋಣವೆ ಎಂಬ ವಿಚಾರ ಬಂದಾಗ ಯಾರೂ ಇಡೀ ದಿನದ ಲಾಭವನ್ನು ಎಣಿಸುವುದಿಲ್ಲ. ಆ ಒಂದು ತಾಸಿನ ವ್ಯಾಪಾರದಲ್ಲಿ ಗ್ಯಾಸು, ದೀಪ, ಆಳುಗಳ ಹೆಚ್ಚಿನ ಮಜೂರಿ ಕಳೆದು ಏನು ಉಳಿಯುತ್ತದೆ ಎಂಬುದನ್ನಷ್ಟೇ ಎಣಿಸುತ್ತಾರೆ. ಗಂಡನ ಪಗಾರವು ಮನೆಯ ಇಡೀ ದಿನದ ವ್ಯಾಪಾರವಾದರೆ, ಹೆಂಡತಿಯ ಪಗಾರವು ನಮ್ಮ ಸಮಾಜದ ದೃಷ್ಟಿಯಲ್ಲಿ ಆ ಕೊನೆಯ ತಾಸಾಗಿದೆ. ಕರದ ಭಾರವನ್ನು ಎಲ್ಲಿ ಹೇರಿದರೂ ನಡೆದೀತು. ಆ ಕೊನೆಯ ತಾಸಿನ ಮೇಲೆಯೇ ಹೇರಿದರೆ ಬಾಗಿಲು ಬೇಗನೆ ಮುಚ್ಚುತ್ತದೆ.

ಅರ್ಥಶಾಸ್ತ್ರಜ್ಞರು ಇದನ್ನೇ ಅಂಕಿಸಂಖ್ಯೆಗಳಿಂದ ತೋರಿಸಿದ್ದಾರೆ. ಅಮೆರಿಕೆಯ ಜೇಕಬ್ ಮಿನ್ಸರ್ ಎಂಬ ವಿದ್ವಾಂಸರು 1962ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ವಿವಾಹಿತ ಸ್ತ್ರೀಯನ್ನು ಎರಡು ಶಕ್ತಿಗಳು ಎರಡು ಕಡೆಗೆ ಎಳೆಯುತ್ತವೆ ಎಂದು ವಿವರಿಸಿದರು. ಗಂಡನ ವರಮಾನ ಏರಿದರೆ ಅವಳು ಮನೆಯ ಕಡೆಗೆ ಸರಿಯುತ್ತಾಳೆ; ಅವಳದೇ ಸಂಬಳ ಏರಿದರೆ ಉದ್ಯೋಗದ ಕಡೆಗೆ ಸರಿಯುತ್ತಾಳೆ. ಇವೆರಡರಲ್ಲಿ ಅವಳ ಸ್ವಂತ ಸಂಬಳದ ಎಳೆತವೇ ಹೆಚ್ಚು ಬಲವಾದುದೆಂದು ಅವರು ಕಂಡುಕೊಂಡರು. ಫ್ರಾನ್ಸೀನ್ ಬ್ಲಾ ಮತ್ತು ಲಾರೆನ್ಸ್ ಕಾನ್ ಎಂಬವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1980ರ ಸುಮಾರಿಗೆ ಅಮೆರಿಕೆಯ ವಿವಾಹಿತ ಸ್ತ್ರೀಯರ ಸಂಬಳದ ದರ ಶೇ. 10ರಷ್ಟು ಏರಿದರೆ ಅವರ ದುಡಿಮೆಯು ಶೇ. 8ರಿಂದ 9ರಷ್ಟು ಏರುತ್ತಿದ್ದಿತು. 2000ದ ವೇಳೆಗೆ ಇದು ಶೇ. 4ಕ್ಕೆ ಇಳಿದಿದ್ದಿತು. ಇಳಿದುದರ ಅರ್ಥವೇನು? ಉದ್ಯೋಗವು ಅವರ ಬಾಳಿನಲ್ಲಿ ನೆಲೆಯೂರಿತು, ಲೆಕ್ಕ ಹಾಕಿ ಹೋಗುವ ಬಿಡುವ ವಸ್ತುವಾಗಿ ಉಳಿಯಲಿಲ್ಲ ಎಂದರ್ಥ. ನಮ್ಮ ಮನೆಗಳಲ್ಲಿ ಉದ್ಯೋಗವು ಹಾಗೆ ನೆಲೆಯೂರಿದೆಯೆಂದು ಹೇಳುವ ಧೈರ್ಯ ನಮಗಿಲ್ಲ. ಆದುದರಿಂದ ಸಂಬಳದಲ್ಲಿ ಆಗುವ ಪ್ರತಿಯೊಂದು ಕಡಿತವೂ ಇಲ್ಲಿ ಹೆಚ್ಚು ನೋಯಿಸುತ್ತದೆ.

ಇನ್ನು ಜಂಟಿ ರಿಟರ್ನಿನ ಲೆಕ್ಕವನ್ನು ಬಿಡಿಸಿ ನೋಡೋಣ. ಗಂಡನ ಕರಾರ್ಹ ವರಮಾನ ವರ್ಷಕ್ಕೆ 24 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. 2025ರಲ್ಲಿ ಗೊತ್ತುಪಡಿಸಿದ ಹಂತಗಳ ಪ್ರಕಾರ ಮೊದಲ 4 ಲಕ್ಷಕ್ಕೆ ಕರವಿಲ್ಲ. ಅಲ್ಲಿಂದ ಪ್ರತಿ 4 ಲಕ್ಷಕ್ಕೊಮ್ಮೆ ಶೇ. 5, 10, 15, 20, 25 ಎಂದು ಏರುತ್ತ ಹೋಗಿ, 24 ಲಕ್ಷದ ಮೇಲೆ ಶೇ. 30 ಆಗುತ್ತದೆ. ಸೆಸ್ಸು ಮತ್ತು ರಿಯಾಯಿತಿಗಳನ್ನು ಬದಿಗಿಟ್ಟರೆ ಆತನ ಕರ 3 ಲಕ್ಷ ರೂಪಾಯಿ. ಅವನ ಹೆಂಡತಿಯು ತಿಂಗಳಿಗೆ 40 ಸಾವಿರದಂತೆ ವರ್ಷಕ್ಕೆ 4 ಲಕ್ಷ 80 ಸಾವಿರ ಸಂಪಾದಿಸಿದರೆ, ಈಗಿನ ಪ್ರತ್ಯೇಕ ಪದ್ಧತಿಯಲ್ಲಿ ಹಂತದ ಲೆಕ್ಕದಂತೆ ಅವಳಿಗೆ ಬೀಳುವುದು ಕೇವಲ 4 ಸಾವಿರ. ರಿಯಾಯಿತಿಯನ್ನು ಸೇರಿಸಿದರೆ ಅದೂ ಮಾಫಿ.

ಇದೇ ದಂಪತಿಗಳು ವರಮಾನವನ್ನು ಕೂಡಿಸಿ, ಇಬ್ಭಾಗ ಮಾಡಿ, ಇದೇ ಹಂತಗಳ ಪ್ರಕಾರ ಕರ ತೆತ್ತರೆ ಏನಾಗುವುದು? ಹೆಂಡತಿ ಮನೆಯಲ್ಲಿಯೇ ಇದ್ದರೆ 24 ಲಕ್ಷವು 12, 12 ಆಗಿ ಇಬ್ಬರ ಹೆಸರಿನ ಒಟ್ಟು ಕರ 1 ಲಕ್ಷ 20 ಸಾವಿರ. ಅವಳು ದುಡಿಯಲು ಹೋದರೆ ಒಟ್ಟು 28 ಲಕ್ಷ 80 ಸಾವಿರವು ಎರಡು ಪಾಲಾಗಿ ಕರವು 1 ಲಕ್ಷ 92 ಸಾವಿರ. ಅಂದರೆ ಅವಳ ಸಂಬಳದ ಮೇಲೆ ಬೀಳುವ ಹೊರೆ 4 ಸಾವಿರವಲ್ಲ, 72 ಸಾವಿರ. ಹತ್ತಿರ ಹತ್ತಿರ ಎರಡು ತಿಂಗಳ ಪಗಾರ! ಅವಳ ಮೊದಲನೆಯ ರೂಪಾಯಿಗೂ ಶೇ. 15ರ ಕರ.

ಎರಡು ಪದ್ಧತಿಗಳನ್ನು ಹೋಲಿಸಿದಾಗ ಇನ್ನೊಂದು ಸಂಗತಿಯೂ ಹೊಳೆಯುತ್ತದೆ. ಜಂಟಿ ಪದ್ಧತಿಯಿಂದ ಈ ಕುಟುಂಬಕ್ಕೆ ಆಗುವ ಉಳಿತಾಯವು ಹೆಂಡತಿ ದುಡಿದರೆ 1 ಲಕ್ಷ 12 ಸಾವಿರ, ದುಡಿಯದಿದ್ದರೆ 1 ಲಕ್ಷ 80 ಸಾವಿರ. ಸರಕಾರವು ಸಂಸಾರಕ್ಕೆ ಕೊಡುಗೆಯನ್ನು ನೀಡುತ್ತಲೇ, “ಅವಳು ಮನೆಯಲ್ಲಿದ್ದರೆ ಇನ್ನಷ್ಟು ಕೊಡುತ್ತೇನೆ” ಎಂದಂತಾಯಿತು. ಇದು ಐಚ್ಛಿಕ, ಬೇಡವಾದವರು ಬಿಡಬಹುದು ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಲಕ್ಷ ರೂಪಾಯಿ ಉಳಿಯುವಾಗ ಯಾವ ಕುಟುಂಬವು ಬೇಡವೆಂದೀತು? ಆಯ್ಕೆ ಮಾಡಿಕೊಂಡ ಮರುಕ್ಷಣದಿಂದ ಹೆಂಡತಿಯ ಪಗಾರವು ಗಂಡನ ಪಗಾರದ ಬೆನ್ನೇರಿ ಲೆಕ್ಕಕ್ಕೆ ಬರುತ್ತದೆ.

ಇದು ಕಾಗದದ ಮೇಲಿನ ಭೀತಿಯಲ್ಲ. ಬೇರೆ ದೇಶಗಳ ಅನುಭವ ನಮ್ಮ ಕಣ್ಣ ಮುಂದಿದೆ. ಅಮೆರಿಕೆಯು 1948ರಲ್ಲಿ ದಂಪತಿಗಳ ವರಮಾನವನ್ನು ಇಬ್ಭಾಗ ಮಾಡುವ ಜಂಟಿ ಪದ್ಧತಿಯನ್ನು ದೇಶವ್ಯಾಪಿಯಾಗಿ ಜಾರಿಗೆ ತಂದಿತು. ಅದರಿಂದ ವಿವಾಹಿತ ಸ್ತ್ರೀಯರ ಉದ್ಯೋಗವು ಕುಗ್ಗಿತೆಂದು ನಂತರದ ಸಂಶೋಧನೆಯಲ್ಲಿ ಕಂಡುಬಂದಿದೆ. ಅದೇ ಅಮೆರಿಕೆಯಲ್ಲಿ 1986ರ ಸುಧಾರಣೆಯು ಅತ್ಯಂತ ಮೇಲಿನ ಕರದ ದರವನ್ನು ಶೇ. 50ರಿಂದ 28ಕ್ಕೆ ಇಳಿಸಿದಾಗ, ಅತಿ ಶ್ರೀಮಂತ ಕುಟುಂಬಗಳ ಪತ್ನಿಯರ ದುಡಿಮೆಯು ಅವರಿಗಿಂತ ಕೆಳಗಿನ ವರ್ಗದವರ ದುಡಿಮೆಗಿಂತ ಹೆಚ್ಚು ಏರಿತೆಂದು ನಾಡಾ ಐಸ್ಸಾ ಎಂಬ ಅರ್ಥಶಾಸ್ತ್ರಜ್ಞೆ ತೋರಿಸಿದ್ದಾರೆ. ಕಷ್ಟಕ್ಕಾಗಿ ದುಡಿಯಬೇಕಾಗಿಲ್ಲದ ಮನೆಗಳಲ್ಲಿಯೂ ಕೈಗೆ ಉಳಿಯುವ ಹಣವು ನಿರ್ಧಾರವನ್ನು ಬದಲಿಸಿತು ಎಂಬುದು ಗಮನಾರ್ಹ.

ಸ್ವೀಡನ್ ದೇಶವು 1971ರಲ್ಲಿ ಇದರ ವಿರುದ್ಧ ದಿಕ್ಕಿನಲ್ಲಿ ನಡೆದು, ಜಂಟಿ ಕರವನ್ನು ಕೈಬಿಟ್ಟು ಗಂಡ ಹೆಂಡಿರ ದುಡಿಮೆಯ ಸಂಪಾದನೆಗೆ ಬೇರೆ ಬೇರೆಯಾಗಿ ಕರ ವಿಧಿಸಿತು. 1969ರ ಕರಪದ್ಧತಿಯೇ ಮುಂದುವರಿದಿದ್ದರೆ 1975ರಲ್ಲಿ ಅಲ್ಲಿಯ ವಿವಾಹಿತ ಸ್ತ್ರೀಯರ ಉದ್ಯೋಗದ ಪ್ರಮಾಣವು ನೂರಕ್ಕೆ 10ರಷ್ಟು ಅಂಶ ಕಡಿಮೆ ಇರುತ್ತಿದ್ದಿತೆಂದು ಹೋಕನ್ ಸೆಲಿನ್ ಎಂಬವರ ಅಧ್ಯಯನವು ಅಂದಾಜು ಮಾಡಿದೆ. ಬ್ರಿಟನ್ನಿನಲ್ಲಿ ಹೆಂಡತಿಯ ವರಮಾನವನ್ನು ಗಂಡನ ವರಮಾನವೆಂದೇ ಭಾವಿಸುವ ಹಳೆಯ ನಿಯಮವು 1990ರಲ್ಲಿ ಹೋಯಿತು. ಜರ್ಮನಿಯು 1958ರಿಂದ ಇಬ್ಭಾಗದ ಪದ್ಧತಿಯನ್ನು ಅನುಸರಿಸುತ್ತಿದೆ. ಅಲ್ಲಿ ದಂಪತಿಗಳು ಬಯಸಿದರೆ ಹೆಚ್ಚು ಸಂಪಾದಿಸುವವರ ಪಗಾರದಿಂದ ಕಡಿಮೆ ಕರವನ್ನೂ, ಕಡಿಮೆ ಸಂಪಾದಿಸುವವರ ಪಗಾರದಿಂದ ಹೆಚ್ಚು ಕರವನ್ನೂ ತಿಂಗಳು ತಿಂಗಳೂ ಕಡಿತ ಮಾಡಿಸಿಕೊಳ್ಳಬಹುದು. ಕಡಿಮೆ ಸಂಪಾದಿಸುವವರು ಬಹುತೇಕ ಹೆಂಡತಿಯರೇ. ಅವರ ದುಡಿಮೆಗೆ ಇದು ಅಡ್ಡಿಯೆಂಬ ಚರ್ಚೆ ಅಲ್ಲಿ ವರ್ಷಗಳಿಂದ ನಡೆದೇ ಇದೆ. ಒಮ್ಮೆ ಕೊಟ್ಟ ಸೌಲಭ್ಯವನ್ನು ಹಿಂದೆಗೆದುಕೊಳ್ಳುವುದು ಎಷ್ಟು ಕಷ್ಟವೆಂಬುದಕ್ಕೆ ಜರ್ಮನಿಯೇ ಸಾಕ್ಷಿ.

ನಮ್ಮ ದೇಶದಲ್ಲಿ ಪತ್ನಿಯ ಸಂಬಳಕ್ಕೆ ಪತ್ನಿಯ ಹೆಸರಿನಲ್ಲಿಯೇ ಕರ. ಇತರರು ಹೋರಾಡಿ ಪಡೆದ ವ್ಯವಸ್ಥೆಯು ನಮ್ಮಲ್ಲಿ ಸದ್ದಿಲ್ಲದೆ ಇದೆ. ಸದ್ದಿಲ್ಲದಿರುವುದರಿಂದಲೇ ಅದರ ಬೆಲೆ ನಮಗೆ ತಿಳಿದಿಲ್ಲವೇನೋ!

ಜಂಟಿ ರಿಟರ್ನನ್ನು ಬಯಸುವವರ ಕಡೆಗೂ ನ್ಯಾಯವಾದ ಒಂದು ಮಾತಿದೆ. ಒಬ್ಬರೇ ದುಡಿದು 24 ಲಕ್ಷ ತರುವ ಮನೆಯು 3 ಲಕ್ಷ ಕರ ಕೊಡುವಾಗ, ಇಬ್ಬರು 12, 12 ಲಕ್ಷ ತರುವ ಮನೆಯು ರಿಯಾಯಿತಿಯ ಬಲದಿಂದ ಏನನ್ನೂ ಕೊಡಬೇಕಾಗಿಲ್ಲ. ಒಬ್ಬನ ಸಂಪಾದನೆಯಲ್ಲಿ ವೃದ್ಧ ತಂದೆತಾಯಿಗಳನ್ನೂ ಮಕ್ಕಳನ್ನೂ ಸಾಕುವವನಿಗೆ ಇದು ಅನ್ಯಾಯವೆಂದು ತೋರುವುದು ಸಹಜ. ಆದರೆ ಇಬ್ಬರೂ ದುಡಿಯುವ ಮನೆಯಲ್ಲಿ ಅಡಿಗೆಗೆ, ಮಗುವಿಗೆ, ಮುದುಕರಿಗೆ ಬೇಕಾದ ಎರಡು ಕೈಗಳು ಹಗಲೆಲ್ಲ ಇರುವುದಿಲ್ಲ. ಅವನ್ನು ದುಡ್ಡು ಕೊಟ್ಟು ತರಿಸಬೇಕು. ಗೃಹಿಣಿಯು ಮನೆಯಲ್ಲಿ ಮಾಡುವ ಕೆಲಸಕ್ಕೂ ಬೆಲೆಯಿದೆ, ಅದಕ್ಕೆ ಯಾರೂ ಕರ ಹಾಕುವುದಿಲ್ಲ ಎಂಬುದನ್ನು ಮರೆಯಲಾಗದು. ಅವಲಂಬಿತರ ಭಾರವನ್ನು ಇಳಿಸಬೇಕಾದರೆ ಮಕ್ಕಳ ಲೆಕ್ಕದಲ್ಲಿ, ವೃದ್ಧರ ಲೆಕ್ಕದಲ್ಲಿ, ರೋಗಿಗಳ ಲೆಕ್ಕದಲ್ಲಿ ನೇರವಾಗಿ ಸಹಾಯ ಕೊಡಲಿ. ಮಕ್ಕಳೇ ಇಲ್ಲದ ಶ್ರೀಮಂತ ದಂಪತಿಗಳಿಗೂ ಜಂಟಿ ರಿಟರ್ನು ಲಾಭ ತರುತ್ತದೆ. ಗಂಡನನ್ನು ಕಳೆದುಕೊಂಡು ಮೂವರು ಮಕ್ಕಳನ್ನು ಸಾಕುವ ತಾಯಿಗೆ ಅದರಿಂದ ಬಿಡಿಗಾಸೂ ಇಲ್ಲ. ಇಂತಹದನ್ನು ಕುಟುಂಬ ಪೋಷಣೆಯೆಂದು ಹೇಗೆ ಕರೆಯೋಣ?

ಆದರೆ ಆದಾಯ ಕರದ ಮಾತು ದೇಶದ ಬಹುಪಾಲು ಸ್ತ್ರೀಯರನ್ನು ತಟ್ಟುವುದೇ ಇಲ್ಲವೆಂಬುದನ್ನೂ ಒಪ್ಪಬೇಕು. ತಿಂಗಳಿಗೆ ಹತ್ತು ಹದಿನೈದು ಸಾವಿರದ ಕೆಲಸಕ್ಕೆ ಹೋಗುವವಳಿಗೆ ಆ ಕರವಿಲ್ಲ. ಅವಳು ತೆರುವ ತೆರಿಗೆ ಬೇರೆ. 2024ರಲ್ಲಿ ಸರಕಾರವು ನಡೆಸಿದ ಸಮಯ ವಿನಿಯೋಗದ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಸ್ತ್ರೀಯರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಕೊಟ್ಟರೆ, ಮನೆಗೆಲಸ ಮಾಡುವ ಪುರುಷರು ಕೊಟ್ಟುದು 88 ನಿಮಿಷ. ಮೂರು ತಾಸಿಗೂ ಮಿಕ್ಕಿದ ಈ ಅಂತರವೇ ಅವಳ ಸಂಬಳದಿಂದ ಮೊದಲು ಕಡಿತವಾಗುವ ತೆರಿಗೆ. ಭಾರತದಲ್ಲಿ ಮದುವೆಯ ನಂತರ ಸ್ತ್ರೀಯರ ಉದ್ಯೋಗದ ಪ್ರಮಾಣವು ನೂರಕ್ಕೆ 12ರಷ್ಟು ಅಂಶ, ಎಂದರೆ ಮದುವೆಗೆ ಮುಂಚಿನ ಪ್ರಮಾಣದ ಮೂರನೆಯ ಒಂದು ಭಾಗ, ಇಳಿಯುತ್ತದೆಂದೂ, ಮಕ್ಕಳಾಗದಿದ್ದರೂ ಹೀಗಾಗುತ್ತದೆಂದೂ ವಿಶ್ವ ಬ್ಯಾಂಕಿನ 2024ರ ವರದಿಯು ಹೇಳಿದೆ.

ಸರಕಾರದ ಶ್ರಮಶಕ್ತಿ ಸಮೀಕ್ಷೆಯಂತೆ ಹದಿನೈದು ವರ್ಷ ಮೇಲ್ಪಟ್ಟ ಸ್ತ್ರೀಯರಲ್ಲಿ ದುಡಿಮೆಯಲ್ಲಿರುವವರು ಮತ್ತು ಕೆಲಸ ಹುಡುಕುವವರು ಸೇರಿ 2017-18ರಲ್ಲಿ ಶೇ. 23.3 ಇದ್ದವರು 2023-24ರಲ್ಲಿ ಶೇ. 41.7 ಆದರು. ಇದು ಸಂತೋಷದ ಸುದ್ದಿಯೇ. ಆದರೆ ಹಳ್ಳಿಗಳಲ್ಲಿ ಶೇ. 47.6 ಇರುವ ಈ ಪ್ರಮಾಣವು ಪಟ್ಟಣಗಳಲ್ಲಿ ಶೇ. 28 ಮಾತ್ರ. ದುಡಿಯುವ ಸ್ತ್ರೀಯರಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚಿನವರು ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಪಗಾರವಿಲ್ಲದೆ ಕೈಜೋಡಿಸುವವರು. ದುಡಿಮೆ ಹೆಚ್ಚಿತು, ಕೈಗೆ ಬರುವ ಕಾಸು ಅಷ್ಟು ಹೆಚ್ಚಲಿಲ್ಲ.

ಪಟ್ಟಣದ ಸ್ತ್ರೀಯ ಸಂಬಳವನ್ನು ಏರಿಸಲು ಪಗಾರದ ಅಂಕಿಯನ್ನೇ ಏರಿಸಬೇಕೆಂದಿಲ್ಲ. ಖರ್ಚನ್ನು ಇಳಿಸಿದರೂ ಆದೀತು. ದಿಲ್ಲಿಯಲ್ಲಿ 2019ರಲ್ಲಿ, ತಮಿಳುನಾಡಿನ ನಗರ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ 2021ರಲ್ಲಿ, ಕರ್ನಾಟಕದಲ್ಲಿ ಮತ್ತು ತೆಲಂಗಾಣದಲ್ಲಿ 2023ರಲ್ಲಿ ಸ್ತ್ರೀಯರಿಗೆ ಉಚಿತ ಬಸ್ ಪ್ರಯಾಣವು ಆರಂಭವಾಯಿತು. ಮಹಾರಾಷ್ಟ್ರವು 2023ರಲ್ಲಿ ಎಸ್.ಟಿ. ಬಸ್ಸುಗಳಲ್ಲಿ ಅರ್ಧ ದರವನ್ನು ಜಾರಿಗೆ ತಂದಿತು. ಇದನ್ನು ಪುಕ್ಕಟೆ ಹಂಚಿಕೆಯೆಂದು ಹೀಯಾಳಿಸುವವರಿದ್ದಾರೆ. ಹತ್ತು ಸಾವಿರದ ಪಗಾರದವಳು ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುವಾಗ ತಿಂಗಳಿಗೆ ಸಾವಿರ ರೂಪಾಯಿ ಉಳಿದರೆ ಅವಳ ಪಗಾರವು ಶೇ. 10 ಏರಿದಂತೆಯೇ ಅಲ್ಲವೆ? ಮಹಾರಾಷ್ಟ್ರದಲ್ಲಿ ತಿಂಗಳಿಗೆ 25 ಸಾವಿರದವರೆಗಿನ ಸಂಬಳದ ಸ್ತ್ರೀಯರಿಗೆ ವೃತ್ತಿ ತೆರಿಗೆಯನ್ನು 2023ರ ಏಪ್ರಿಲ್‌ನಿಂದ ಮಾಫಿ ಮಾಡಲಾಯಿತು. ಅದಕ್ಕೆ ಮುಂಚೆ ಈ ಮಿತಿ 10 ಸಾವಿರವಾಗಿದ್ದಿತು. ವರ್ಷಕ್ಕೆ 2,500 ರೂಪಾಯಿ ದೊಡ್ಡ ಮೊತ್ತವಲ್ಲದಿರಬಹುದು, ಆದರೆ ದಿಕ್ಕು ಸರಿಯಾದುದು.

ಮಗುವಿನ ವಿಷಯದಲ್ಲಿ ಮಾತ್ರ ದಿಕ್ಕು ಸರಿಯಿದ್ದರೂ ಭಾರವನ್ನು ತಪ್ಪು ಹೆಗಲಿಗೆ ಏರಿಸಲಾಗಿದೆ. 2017ರ ತಿದ್ದುಪಡಿಯು ಹೆರಿಗೆಯ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಐವತ್ತು ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಗೃಹವಿರಬೇಕೆಂದಿತು. ಆದರೆ ಆ ಕಾಯಿದೆಯಡಿಯಲ್ಲಿ ರಜೆಯ ಸಂಬಳವೆಲ್ಲ ಮಾಲಿಕನ ಕಿಸೆಯಿಂದಲೇ ಬರಬೇಕಾಯಿತು. ಸಣ್ಣ ಮಾಲಿಕನು ಹೊಸದಾಗಿ ಮದುವೆಯಾದವಳನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಹಿಂಜರಿಯುತ್ತಾನೆ, ಅಥವಾ ಆ ಖರ್ಚನ್ನು ಮೊದಲೇ ಎಣಿಸಿ ಕಡಿಮೆ ಪಗಾರ ಹೇಳುತ್ತಾನೆ. ಮಾಲಿಕರ ಸಾಲಿನಲ್ಲಿ ನಿಂತು ಬಲ್ಲವರಾದುದರಿಂದ ಇದನ್ನು ಹೇಳಲು ನಮಗೆ ಸಂಕೋಚವಿಲ್ಲ. ಈ ಖರ್ಚಿನಲ್ಲಿ ಸರಕಾರವು ಪಾಲು ಹೊರಬೇಕು.

ನಮ್ಮ ಜನರಿಗೆ ಇನ್ನೂ ಹತ್ತಿರವಾದ ಸಂಗತಿಯೊಂದಿದೆ. ಮುಂಬಯಿಯಿಂದ ಹೈದರಾಬಾದಿನ ತನಕ ನಮ್ಮವರ ಸಣ್ಣ ಹೋಟೆಲುಗಳಲ್ಲಿ, ಖಾನಾವಳಿಗಳಲ್ಲಿ ಮಾಲಿಕನ ಹೆಂಡತಿಯು ಮಸಾಲೆಯ ಉಸ್ತುವಾರಿ ನೋಡುತ್ತಾಳೆ, ಸಂಜೆ ಗಲ್ಲಾದ ಮೇಲೆ ಕೂಡುತ್ತಾಳೆ, ಬ್ಯಾಂಕಿನ ಲೆಕ್ಕ ಬರೆಯುತ್ತಾಳೆ. ಅವಳ ಹೆಸರು ಹಾಜರಿ ಪುಸ್ತಕದಲ್ಲಿಲ್ಲ. ಪಗಾರ ಕೊಡಲು ಮಾಲಿಕನು ಮನಸ್ಸು ಮಾಡಿದರೂ ಆದಾಯ ಕರದ ಕಾಯಿದೆ ಅಡ್ಡ ಬರುತ್ತದೆ. 1961ರ ಕಾಯಿದೆಯ 64ನೆಯ ಕಲಮಿನ ಪ್ರಕಾರ, ಗಂಡನಿಗೆ ಗಣನೀಯ ಪಾಲು ಇರುವ ಉದ್ಯಮದಿಂದ ಹೆಂಡತಿಗೆ ಪಗಾರ ಬಂದರೆ ಅದನ್ನು ಗಂಡನ ವರಮಾನಕ್ಕೇ ಸೇರಿಸಬೇಕು. ಅವಳಿಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿದ್ದು, ಆ ಜ್ಞಾನ ಅನುಭವಗಳಿಂದಲೇ ಪಗಾರ ಬಂದಿದ್ದರೆ ಮಾತ್ರ ವಿನಾಯಿತಿ. 2025ರ ಹೊಸ ಕಾಯಿದೆಯೂ ಹೀಗೆ ಸೇರಿಸುವ ಪದ್ಧತಿಯನ್ನು ಉಳಿಸಿಕೊಂಡಿದೆ.

ಕರ ತಪ್ಪಿಸಲು ಹೆಂಡತಿಯ ಹೆಸರಿನಲ್ಲಿ ಸುಳ್ಳು ಪಗಾರ ಬರೆಯುವವರನ್ನು ತಡೆಯುವುದೇ ಈ ನಿಯಮದ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಪರಿಣಾಮವೇನು? ಡಾಕ್ಟರರ ಹೆಂಡತಿ ಡಾಕ್ಟರಳಾಗಿದ್ದು ಗಂಡನ ದವಾಖಾನೆಯಲ್ಲಿ ದುಡಿದರೆ ಅವಳ ಪಗಾರ ಅವಳದು. ಹತ್ತನೆಯ ತರಗತಿ ಓದಿ ಇಪ್ಪತ್ತು ವರ್ಷ ಹೋಟೆಲಿನ ಲೆಕ್ಕ ನೋಡಿದವಳ ಪಗಾರ ಗಂಡನದು! ಅವಳ ಜಾಗದಲ್ಲಿ ಹೊರಗಿನವನೊಬ್ಬನನ್ನು ಕೂಡಿಸಿದರೆ ಅವನ ಪಗಾರ ನ್ಯಾಯವಾದ ಖರ್ಚು. ಕೆಲಸ ಒಂದೇ, ಕುರ್ಚಿ ಒಂದೇ, ಕಾಯಿದೆ ಮಾತ್ರ ಎರಡು. ಅದೇ ಕೆಲಸಕ್ಕೆ ಹೊರಗಿನವರಿಗೆ ಕೊಡುವಷ್ಟೇ ಪಗಾರವು ಅವಳ ಸ್ವಂತ ಬ್ಯಾಂಕ್ ಖಾತೆಗೆ ಜಮೆಯಾಗಿ, ಹಾಜರಿ ಪುಸ್ತಕದಲ್ಲಿ ದಾಖಲಾಗಿದ್ದರೆ, ಪದವಿಯನ್ನು ಕೇಳದೆ ಅದನ್ನು ಅವಳ ವರಮಾನವೆಂದೇ ಒಪ್ಪಿಕೊಳ್ಳತಕ್ಕದ್ದು. ಹೋಟೆಲು ಮಾಲಿಕರ ಸಂಘಗಳು ಸರಕಾರದ ಮುಂದೆ ಕೇಳಬೇಕಾದುದು ಜಂಟಿ ರಿಟರ್ನನ್ನಲ್ಲ, ಈ ತಿದ್ದುಪಡಿಯನ್ನು.

ಕಾಯಿದೆಯ ಮಾತು ಇಷ್ಟಾದರೆ ಮನಸ್ಸಿನ ಮಾತು ಉಳಿದಿದೆ. ವ್ಯಾಪಾರ ಕಷ್ಟದಲ್ಲಿರುವಾಗ ಒಲೆಯ ಮುಂದೆ ಬೆವರಿದವಳನ್ನು ವ್ಯಾಪಾರ ಕುದುರಿದೊಡನೆ “ಇನ್ನು ನೀನು ಮನೆಯಲ್ಲಿರು” ಎನ್ನುವುದು ನಮ್ಮಲ್ಲಿ ಗೌರವದ ಲಕ್ಷಣವೆನಿಸಿದೆ. ದೇಶವು ಬಡತನದಿಂದ ಮೇಲೇರುವಾಗ ಸ್ತ್ರೀಯರ ದುಡಿಮೆ ಮೊದಲು ಇಳಿದು, ವಿದ್ಯೆಯೂ ಒಳ್ಳೆಯ ಉದ್ಯೋಗವೂ ದೊರೆತ ಮೇಲೆ ಪುನಃ ಏರುತ್ತದೆಂದು 2023ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿದ್ದಾರೆ. ನಮ್ಮ ಹೋಟೆಲು ಮನೆತನಗಳ ಕತೆಯೂ ಇದೇ. ತಾಯಿ ದುಡಿದಳು, ಸೊಸೆ ಮನೆಯಲ್ಲಿದ್ದಳು, ಮೊಮ್ಮಗಳು ಬಿ.ಕಾಂ. ಮಾಡಿ ಆಫೀಸಿಗೆ ಹೋಗುತ್ತಾಳೆ. ಆ ಮೊಮ್ಮಗಳ ಮದುವೆಯಾದಾಗ ಲೆಕ್ಕವು ಮತ್ತೆ ತಿರುಗುಮುರುಗಾಗಬಾರದು.

ಎಲ್ಲ ಗೃಹಿಣಿಯರೂ ಹೊರಗೆ ದುಡಿಯಲೇಬೇಕೆಂದು ನಾವು ಹೇಳುತ್ತಿಲ್ಲ. ಮನೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುವುದು ಕೀಳು ಕೆಲಸವಲ್ಲ. ಆದರೆ ದುಡಿಯಬೇಕೋ ಬೇಡವೋ ಎಂಬುದನ್ನು ಅವಳೇ ನಿರ್ಧರಿಸಲಿ. ಕರದ ಪಟ್ಟಿಯಾಗಲಿ, ಕೂಸನ್ನು ಬಿಡಲು ಜಾಗವಿಲ್ಲದ ಅಸಹಾಯಕತೆಯಾಗಲಿ ಅವಳ ಪರವಾಗಿ ನಿರ್ಧರಿಸಬಾರದು. ಊರಿನ ಬಂಧುಬಳಗದಿಂದ ದೂರವಿರುವ ನಮ್ಮಂತಹವರ ಮನೆಯಲ್ಲಿ ಯಜಮಾನನು ಹಾಸಿಗೆ ಹಿಡಿದರೆ, ಅಥವಾ ಇಲ್ಲವಾದರೆ, ಹೆಂಡತಿಯ ಹೆಸರಿನಲ್ಲಿರುವ ಪಗಾರ, ಪ್ರಾವಿಡೆಂಟ್ ಫಂಡು, ಬ್ಯಾಂಕಿನ ಪುಸ್ತಕ ಇವೇ ಆ ಮನೆಯ ಕಂಬಗಳು.

ಸರಕಾರವನ್ನು ಕೇಳುವುದರ ಜೊತೆಗೆ ನಮ್ಮ ಕೈಯಲ್ಲೇ ಇರುವ ಕೆಲಸವೂ ಒಂದಿದೆ. ಈ ನಗರಗಳಲ್ಲಿ ನಮ್ಮ ಹಿರಿಯರು ಕಾಸಿಗೆ ಕಾಸು ಕೂಡಿಸಿ ಕನ್ನಡ ಸಂಘಗಳಿಗೆ ಕಟ್ಟಡಗಳನ್ನು ಕಟ್ಟಿಸಿದ್ದಾರೆ. ಸಂಜೆ ನಾಟಕ, ಭಾನುವಾರ ಸಭೆ ನಡೆಯುವ ಅನೇಕ ಸಭಾಗೃಹಗಳು ವಾರದ ಹಗಲುಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಅಲ್ಲಿ ಬೆಳಗಿನ ಎಂಟರಿಂದ ಸಂಜೆಯ ಏಳರ ತನಕ, ಮಿತವಾದ ಶುಲ್ಕದಲ್ಲಿ, ಕನ್ನಡ ಮಾತನಾಡುವ ದಾದಿಯರಿರುವ ಶಿಶುವಿಹಾರಗಳನ್ನು ಏಕೆ ನಡೆಸಬಾರದು? ದುಡಿಯುವ ತಾಯಿಯ ಪಗಾರದಲ್ಲಿ ಒಂದಷ್ಟು ಉಳಿಯುವುದು, ಮಗುವಿನ ಬಾಯಲ್ಲಿ ಕನ್ನಡವೂ ಉಳಿಯುವುದು. ವಾರ್ಷಿಕ ಸಭೆಗಳು ಬರುತ್ತಿರುವ ಸಂಘಗಳ ಕಾರ್ಯಕಾರಿ ಸಮಿತಿಗಳು ಈ ಸೂಚನೆಯನ್ನು ಕಾರ್ಯಕ್ರಮ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕೆಂದು ನಮ್ಮ ವಿನಂತಿ.